ಯಾರೂ ನೋಡದ ಸಿನಿಮಾ, ನಮ್ಮ ಹಾಲ್‌ನಲ್ಲಿ

ಒಳ್ಳೆಯ ಸಿನಿಮಾ ಹುಡುಕುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಶುದ್ಧ ಸುಳ್ಳು. ಒಳ್ಳೆಯ ಸಿನಿಮಾಗಳು, ಪಾಪ, ಕೇಳುವವರಿಲ್ಲದೆ ಮೂಲೆಯಲ್ಲಿ ಬಿದ್ದಿರುತ್ತವೆ. ಕೈ ಚಾಚಿದರೆ ಸಿಗುತ್ತವೆ. ಅವನ್ನು ನಾಲ್ಕು ಜನರಿಗೆ ತೋರಿಸಲು ಹೊರಟಾಗಲೇ ಏನಾದರೊಂದು ಆಗುವುದು. ನನಗಂತೂ ಆಗದೆ ಬಿಟ್ಟ ಸಲವೇ ಇಲ್ಲ.

ದಿಲ್‌ಸುಖ್‌ನಗರದ ನಮ್ಮ ಓಣಿಯಲ್ಲಿ ಕನ್ನಡದವರದೊಂದು ಸಣ್ಣ ಸಂಘವಿದೆ. ಕಲಬುರಗಿ, ರಾಯಚೂರು, ಬೀದರ ಕಡೆಯಿಂದ ಅಜ್ಜಂದಿರ ಕಾಲಕ್ಕೆ ಸರಕಾರಿ ನೌಕರಿಗೆ ಬಂದು ಇಲ್ಲಿಯವರೇ ಆಗಿಹೋದ ಮನೆತನಗಳು. ಸಂಘಕ್ಕೊಂದು ಹಾಲ್, ಕೆಳಗೆ ಕೋಚಿಂಗ್ ಸೆಂಟರ್, ಮೇಲೆ ನಾವು. ತಿಂಗಳಿಗೊಂದು ಭಾನುವಾರ ಸಂಜೆ ಅಲ್ಲಿ ಯಾರೂ ನೋಡದ ಸಿನಿಮಾ ತೋರಿಸುವ ಹುಚ್ಚು ನನ್ನದು. ವಾರವಿಡೀ ಬ್ಯಾಂಕಿನ ಕೌಂಟರ್ ಹಿಂದೆ ಕೂರುವವಳಿಗೆ ಆ ಸಂಜೆಯೇ ದೊಡ್ಡ ಹಬ್ಬ.

ಆದರೆ ಹಾಲ್ ಮೇಲೆ ಯೋಗದ ಕ್ಲಾಸಿನವರ ಕಣ್ಣು ಬಿದ್ದಿತ್ತು. ನಮ್ಮ ಅಧ್ಯಕ್ಷರು ನಿವೃತ್ತ ತಹಶೀಲ್ದಾರರು. ಒಂದು ದಿನ ನನ್ನನ್ನು ಕರೆದು ಹೇಳಿದರು:

“ನೋಡವಾ ತಂಗಿ, ನಿನ್ನ ಸಿನಿಮಾಕ್ಕ ಮಂದಿ ಬರತಾರ, ಖರೆ. ಆದ್ರ ಇಂಟರ್ವಲ್‌ನಾಗ ಗಿರಮಿಟ್ ತಿಂದು, ಚಾ ಕುಡದು, ಮನಿಗೆ ಹೊಂಡತಾರ. ದೀಪಾವಳಿತನಕ ನೋಡತೀನಿ. ಒಂದರ ಸಿನಿಮಾ ಮಂದಿ ಕಡೀತನಕ ಕುಂತು ನೋಡಿದ್ರ ಹಾಲ್ ನಿಂದು. ಇಲ್ಲಂದ್ರ ಯೋಗದವರಿಗೆ.”

ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ನಮ್ಮ ಮನೆಯವರು, “ಗಿರಮಿಟ್ಟು ಸಿನಿಮಾ ಮುಗದ ಮ್ಯಾಲೆ ಕೊಡು” ಎಂದರು. ಹಾಗೆ ಮಾಡಿಯೂ ನೋಡಿದೆ. ಆ ಭಾನುವಾರ ಜನ ಸಿನಿಮಾ ಮುಗಿದ ಮೇಲೆಯೇ ಬಂದರು.

ಬಾವಿ

ಹಳೆಯ ಕಪ್ಪು-ಬಿಳುಪು ಸಿನಿಮಾ. ಒಬ್ಬ ಮಾಸ್ತರ ತನ್ನ ಶಾಲೆಯ ಅಂಗಳದಲ್ಲಿ ಬಾವಿ ತೋಡುತ್ತಾನೆ. ಕಥೆ ಅಷ್ಟೇ. ಆದರೆ ಆ ಮುಖಗಳು, ಆ ಮೌನ! ನಾನು ಮನೆಯಲ್ಲಿ ನೋಡಿ ಬಿಕ್ಕಿ ಬಿಕ್ಕಿ ಅತ್ತಿದ್ದೆ.

ಮುಂದಿನ ಸಾಲಿನಲ್ಲಿ ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರ್ ಒಬ್ಬರು ಕೂತಿದ್ದರು. ಮಾಸ್ತರ ಮೊದಲ ಗುದ್ದಲಿ ಹಾಕಿದ್ದೇ ತಡ, ಅವರು ಎದ್ದು ನಿಂತರು.

“ಅಲ್ಲಿ ನೀರು ಬರಂಗಿಲ್ರೀ. ಆ ಕಲ್ಲ ನೋಡ್ರಿ. ಈ ಕಡೆ ಬೇವಿನ ಗಿಡದ ಹಂತೇಕ ತೋಡಬೇಕು.”

“ಕೂಡ್ರಿ ಸಾಹೇಬ್ರ, ಅದು ಸಿನಿಮಾ” ಎಂದೆ.

“ಸಿನಿಮಾ ಆದ್ರ ನೀರು ಬರತೈತೇನು?”

ಹಿಂದಿನ ಸಾಲಿನವರೊಬ್ಬರು, ಬೇವಿನ ಗಿಡದ ಹತ್ತಿರವೂ ಬರುವುದಿಲ್ಲ, ತಮ್ಮ ಹೊಲದಲ್ಲಿ ತೋಡಿ ನೋಡಿದ್ದಾಗಿದೆ ಎಂದರು. ವಾದ ಬೆಳೆಯಿತು. ಇಬ್ಬರೂ ಮೆಟ್ಟಿಲ ಮೇಲೆ ಹೋಗಿ ಜಗಳಾಡತೊಡಗಿದರು. ತೀರ್ಪು ಕೇಳಲು ಅರ್ಧ ಹಾಲ್ ಅವರ ಬೆನ್ನು ಹತ್ತಿತು. ಎಂಜಿನಿಯರ್ ಒಬ್ಬರೇ ಕೊನೆಗೆ ವಾಪಸ್ ಬಂದರು. ತೆರೆಯ ಮೇಲೆ ಮಾಸ್ತರ ಒಣ ಬಾವಿಯ ತಳದಲ್ಲಿ ಕೂತು ಮುಖ ಮುಚ್ಚಿಕೊಂಡು ಅಳುತ್ತಿದ್ದ. ನನ್ನ ಕಣ್ಣಲ್ಲೂ ನೀರು.

ಎಂಜಿನಿಯರ್ ಸಾಹೇಬರು ತೊಡೆ ತಟ್ಟಿ ನಕ್ಕರು.

“ನಾ ಹೇಳಿದ್ನಿಲ್ಲ? ಭಾಳ ಛಲೋ ಸಿನಿಮಾ ಬಿಡ್ರಿ! ಡೈರೆಕ್ಟರಗ ಇರಿಗೇಷನ್ ಗೊತ್ತೈತಿ.”

ಲ್ಯಾಗ್

ನನ್ನ ತಂಗಿಯ ಮನೆ ಕೂಕಟ್‌ಪಲ್ಲಿಯಲ್ಲಿ. ಅವಳ ಎದುರು ಫ್ಲ್ಯಾಟಿನ ತೆಲುಗಿನವರು ಸಿನಿಮಾ ಪ್ರಿಯರು. ವಾರಕ್ಕೊಂದು ಹೊಸ ಸಿನಿಮಾ ಮೊದಲ ದಿನವೇ ನೋಡದಿದ್ದರೆ ಅವರಿಗೆ ಜ್ವರ ಬರುತ್ತದೆ. ಅಂಥವರನ್ನು ನಮ್ಮ ಕಡೆ ಎಳೆದರೆ ಕೊನೆತನಕ ಕೂರುವ ಒಬ್ಬರಾದರೂ ಸಿಕ್ಕಂತೆ ಎಂಬ ಆಸೆ ನನಗೆ. ಒಬ್ಬ ಮುದುಕ ದೋಣಿ ರಿಪೇರಿ ಮಾಡುವ ಅಪರೂಪದ ಸಿನಿಮಾ ಒಂದಿದೆ, ನೋಡಿ ಎಂದೆ.

“ಹೀರೋ ಎವರಂಡಿ?” ಎಂದರು.

“ಹೀರೋ ಇಲ್ಲ.”

“ವಿಲನ್?”

“ಇಲ್ಲ.”

“ಫೈಟ್ಸು, ಪಾಟಲು?”

“ಫೈಟೂ ಇಲ್ಲ, ಹಾಡೂ ಇಲ್ಲ. ದೋಣಿ ಇದೆ.”

“ಮರಿ ಎಂದುಕು ತೀಶಾರಂಡಿ?” ಮತ್ತೆ ಯಾಕೆ ತೆಗೆದರು ಅಂತ ಅವರ ಪ್ರಶ್ನೆ. ಆದರೂ ಮೊಬೈಲಿಗೆ ಕಳಿಸಿದೆ.

ಮುಂದಿನ ವಾರ ಲಿಫ್ಟಿನಲ್ಲಿ ಸಿಕ್ಕರು. ಮುಖ ಅರಳಿತ್ತು. ಸೂಪರ್ ಸಿನಿಮಾ, ಮನೆಮಂದಿಯೆಲ್ಲ ನೋಡಿದೆವು ಎಂದರು. ನನಗೆ ಅವರ ಕೈ ಹಿಡಿದುಕೊಳ್ಳಬೇಕು ಅನಿಸಿತು. ಆ ಸಿನಿಮಾದ ನಿಧಾನವೇ ಅದರ ಜೀವ. ಅದನ್ನು ತಾಳಿಕೊಂಡ ಮೊದಲ ಮನುಷ್ಯ ಇವರು.

“ನಿಧಾನ ಅನ್ನಿಸಲಿಲ್ಲವಾ?” ಎಂದು ಕೇಳಿದೆ.

“ಎಕ್ಕಡಾ ಲ್ಯಾಗ್ ಲೇದಂಡಿ!” ಎಂದರು, ಎಲ್ಲೂ ಎಳೆದಂತಿಲ್ಲ ಅಂತ. “ಡಬಲ್ ಸ್ಪೀಡ್‌ಲೋ ಪೆಟ್ಟಾನು.”

ಧೈರ್ಯದ ನಿರ್ದೇಶಕ

ಕಾಚಿಗೂಡದ ಒಂದು ಗಲ್ಲಿಯಲ್ಲಿ ಹಳೆಯ ಡಿವಿಡಿ ಮಾರುವ ಚಾಚಾ ಒಬ್ಬರಿದ್ದಾರೆ. “ಯಾರೂ ಒಯ್ಯದ ಸಿನಿಮಾ ಇದ್ದರೆ ತೆಗೆದಿಡಿ” ಎಂದು ಅವರಿಗೆ ಹೇಳಿಟ್ಟಿದ್ದೆ. ಚಾಚಾ ಮಾತಿಗೆ ತಪ್ಪುವವರಲ್ಲ. ಯಾರೂ ಒಯ್ಯದ್ದನ್ನೆಲ್ಲ ಒಂದು ಚೀಲದಲ್ಲಿ ತುಂಬಿ, “ಲೇಲೋ ಆಪಾ, ಇನೋಂಕು ಕೋಯಿಚ್ ನಕ್ಕೋ ಬೋಲೆ” ಎಂದು ಕೊಟ್ಟರು. ತಗೋ ಅಕ್ಕಾ, ಇವನ್ನು ಎಲ್ಲರೂ ಬೇಡ ಅಂದರು ಅಂತ.

ಅದರಲ್ಲೊಂದಕ್ಕೆ ಹೆಸರೇ ಇರಲಿಲ್ಲ. ಮಧ್ಯಾಹ್ನ ಹಾಕಿಕೊಂಡು ಕೂತೆ. ಟೈಟಲ್ ಇಲ್ಲ, ಕಥೆ ಇಲ್ಲ. ಒಬ್ಬ ಮುದುಕಪ್ಪ ಕ್ಯಾಮೆರಾವನ್ನೇ ದಿಟ್ಟಿಸಿ ನೋಡುತ್ತಾನೆ. ಆಮೇಲೆ ಸಾಲಾಗಿ ಕೂತ ಜನ ಊಟ ಮಾಡುತ್ತಾರೆ, ಮಾಡುತ್ತಲೇ ಇರುತ್ತಾರೆ. ಒಬ್ಬ ಹೆಣ್ಣುಮಗಳು ಕ್ಯಾಮೆರಾ ಕಂಡು ತುತ್ತನ್ನು ಅರ್ಧಕ್ಕೇ ನಿಲ್ಲಿಸುತ್ತಾಳೆ. ಎಂಥ ಸಹಜ ಅಭಿನಯ! ಪ್ರೇಕ್ಷಕರಿಗೆ ಎಳ್ಳಷ್ಟೂ ಮಣಿಯದ ಎಂಥ ಧೈರ್ಯದ ನಿರ್ದೇಶಕ! ಮುಂದಿನ ಭಾನುವಾರ ಇದನ್ನೇ ತೋರಿಸುವುದೆಂದು ಸಂಘದ ಗ್ರೂಪಿನಲ್ಲಿ ನಾಲ್ಕು ಸಾಲು ಹೊಗಳಿ ಬರೆದೂಬಿಟ್ಟೆ.

ಅಷ್ಟರಲ್ಲಿ ನಮ್ಮ ಮನೆಯವರು ನಿದ್ದೆಯಿಂದ ಎದ್ದು ಬಂದು ಬಾಗಿಲಲ್ಲೇ ನಿಂತು ನೋಡಿದರು.

“ಇದು ಯಾರದರ ಲಗ್ನದ ವಿಡಿಯೋ ಅಲ್ಲೇನ?”

ನಾನು ಬಂದ್ ಮಾಡಲು ರಿಮೋಟ್ ಎತ್ತಿಕೊಂಡೆ. ಅವರು ನನ್ನ ಪಕ್ಕ ಕೂತು ಹೇಳಿದರು: “ಇರಲಿ, ಹಚ್ಚು. ಊಟ ಮುಗೀತು, ಇನ್ನ ಮದುಮಕ್ಕಳಿಗೆ ಆಯೇರಿ ಕೊಡೂದು ಉಳದೈತಿ.”

ಹಿಮ

ದೀಪಾವಳಿಗೆ ಮುಂಚಿನ ಕೊನೆಯ ಭಾನುವಾರ ಬಂತು. ಇದು ಹೋದರೆ ಹಾಲ್ ಹೋಯಿತು. ನನ್ನ ಹತ್ತಿರವಿದ್ದ ಚಿನ್ನದಂಥ ಸಿನಿಮಾವನ್ನೇ ತೆಗೆದೆ. ಎಲ್ಲೋ ದೂರದ ದೇಶದ ಬೆಟ್ಟದ ದಾರಿ. ಅಲ್ಲಿ ಚಹಾದಂಗಡಿ ನಡೆಸುವ ಒಬ್ಬ ಹುಡುಗಿ. ಆಗಾಗ ಬರುವ ಒಬ್ಬ ಲಾರಿ ಡ್ರೈವರ್. ಇಬ್ಬರಿಗೂ ಪ್ರೀತಿ. ಮದುವೆಯೂ ಆಗುತ್ತದೆ. ಕೊನೆಗೆ ಅವನ ಲಾರಿ ಹಿಮದಲ್ಲಿ ಮುಳುಗಿ, ಅವನು ಬರುವುದೇ ಇಲ್ಲ.

ತೊಂದರೆ ಒಂದೇ. ಅಡಿಯಲ್ಲಿ ಬರುವ ಸಾಲುಗಳು ಇಂಗ್ಲಿಷಿನಲ್ಲಿದ್ದವು. ನಮ್ಮ ಅಜ್ಜಿಯರಿಗೆ ಅದು ಆಗದು. ಹಾಗಾಗಿ ಎಲ್ಲರೂ ಬಾಯಾರು ಎಂದು ಕರೆಯುವ ನಿವೃತ್ತ ಟೀಚರಮ್ಮನನ್ನು ಮೈಕ್ ಮುಂದೆ ಕೂರಿಸಿ, ಓದಿ ಓದಿ ಕನ್ನಡದಲ್ಲಿ ಹೇಳಿರೆಂದು ಕೇಳಿಕೊಂಡೆ. ಬಾಯಾರು ಮಡಿವಂತರು. ಜೀವನವಿಡೀ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿದವರು. ಅದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ಡ್ರೈವರ್ ಬಂದು ಹುಡುಗಿಯ ಕೈ ಹಿಡಿದ. ನಿನ್ನ ನೆನಪಿನಲ್ಲಿ ನಿದ್ದೆಯೇ ಬರಲಿಲ್ಲ ಎಂದು ಅಡಿಯಲ್ಲಿ ಬಂತು. ಬಾಯಾರು ಗಂಟಲು ಸರಿಮಾಡಿಕೊಂಡು ಮೈಕಿನಲ್ಲಿ ಹೇಳಿದರು:

“ಈತ ಆಕಿ ಅಣ್ಣ. ಊರಾಗ ಎಲ್ಲಾರೂ ಆರಾಮ ಅದಾರ ಅಂತ ಹೇಳಾಕತ್ತಾನ.”

ಡ್ರೈವರ್ ಅವಳಿಗೊಂದು ರೇಷ್ಮೆ ವಸ್ತ್ರ ಹೊದಿಸಿದ.

“ಪಂಚಮಿಗೆ ಅಣ್ಣ ಸೀರಿ ತಂದಾನ.”

“ಎಷ್ಟ ಅಂತಃಕರಣದ ಅಣ್ಣ ನೋಡ್ರೀ!” ಎಂದು ಅಜ್ಜಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ಇಂಟರ್ವಲ್ ಆಯಿತು, ಗಿರಮಿಟ್ ಪ್ಲೇಟು ಕೈಯಲ್ಲಿ ಹಿಡಿದೇ ಎಲ್ಲರೂ ಮತ್ತೆ ಒಳಗೆ ಬಂದು ಕೂತರು. ಅಣ್ಣ-ತಂಗಿಯ ಮುಂದಿನ ಗತಿ ತಿಳಿಯದೆ ಮನೆಗೆ ಹೋಗುವುದು ಹೇಗೆ?

ಆಗ ತೆರೆಯ ಮೇಲೆ ಮದುವೆ ಶುರುವಾಯಿತು. ಅವಳು ಹೂವಿನ ಕಿರೀಟ ಇಟ್ಟುಕೊಂಡಳು, ಅವನು ಉಂಗುರ ತೊಡಿಸಿದ. ಹಾಲಿನಲ್ಲಿ ಗದ್ದಲ ಎದ್ದಿತು. ಅಧ್ಯಕ್ಷರು ಎದ್ದು ನಿಂತು ಕೂಗಿದರು:

“ಏನವಾ ತಂಗಿ ಇದು? ಅಣ್ಣಗ ತಂಗಿ ಕೂಡ ಲಗ್ನ? ಬಂದ್ ಮಾಡ್ರಿ ಮೊದಲ! ಯೋಗದವರಿಗೆ ನಾಳೆನ ಕೀಲಿ ಕೊಡತೀನಿ!”

ನಾನು ಬಂದ್ ಮಾಡಲು ಎದ್ದೆ. ಬಾಯಾರು ಮಾತ್ರ ಒಂದು ಗುಟುಕು ನೀರು ಕುಡಿದು, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

“ಸ್ವಲ್ಪ ಕೂಡ್ರಿ. ಈಗ ಗೊತ್ತಾತು. ಆತ ಅಣ್ಣ ಅಲ್ಲಂತ, ಸೋದರಮಾವ ಅಂತ. ಸಣ್ಣಾಕಿ ಇದ್ದಾಗಿಂದ ಅಣ್ಣಾ ಅಂತ ಕರಕೋತ ಬಂದಾಳ, ಅಷ್ಟ.”

ಇಡೀ ಹಾಲ್ ಉಸಿರು ಬಿಟ್ಟಿತು. “ಸೋದರಮಾವ ಆದ್ರ ತಂಟೆನ ಇಲ್ಲ ಬಿಡ್ರಿ” ಎಂದಳೊಬ್ಬ ಅಜ್ಜಿ. “ನಾನೂ ಸೋದರಮಾವನ್ನ ಮಾಡಿಕೊಂಡಾಕಿ ಅಲ್ಲ?” ಅಧ್ಯಕ್ಷರು ಮೆಲ್ಲಗೆ ಕೂತರು. ಪಕ್ಕದಲ್ಲಿದ್ದ ಅವರ ಹೆಂಡತಿ ಅವರ ಸ್ವಂತ ಅಕ್ಕನ ಮಗಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದನ್ನು ನಾನೇ ಕಂಡೆ.

ಕೊನೆಯ ದೃಶ್ಯ. ಲಾರಿ ಹೋಗುತ್ತದೆ. ಹಿಮ ಸುರಿಯುತ್ತದೆ. ಹುಡುಗಿ ಒಬ್ಬಳೇ ಕಿಟಕಿಯಲ್ಲಿ ಕೂತು ದಾರಿ ನೋಡುತ್ತಾಳೆ, ನೋಡುತ್ತಲೇ ಇರುತ್ತಾಳೆ. ಎಷ್ಟು ಸಲ ನೋಡಿದರೂ ನನಗೆ ತಡೆಯಲಾಗದು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಬಾಯಾರು ಪ್ರಶಾಂತವಾಗಿ ಹೇಳಿದರು:

“ಆಷಾಢ ಹತ್ತೇತಿ. ಅದಕ್ಕ ಆಕಿನ್ನ ತವರುಮನ್ಯಾಗ ಬಿಟ್ಟು ಹೋಗ್ಯಾನ. ಶ್ರಾವಣದಾಗ ಬಂದು ಕರಕೊಂಡು ಹೋಗತಾನಂತ.”

“ಆಷಾಢದಾಗ ಹಿಮ ಬೀಳತೈತೇನ್ರೀ?” ಎಂದು ಎಂಜಿನಿಯರ್ ಸಾಹೇಬರು ಕೇಳಿದರು.

“ಅವರ ಕಡೆ ಹಂಗ.”

ದೀಪ ಹತ್ತಿತು. ಒಬ್ಬರೂ ಎದ್ದು ಹೋಗಿರಲಿಲ್ಲ. ಪಕ್ಕದ ಅಜ್ಜಿ ನನ್ನ ಬೆನ್ನು ಸವರಿ, “ಯಾಕವಾ ಇಷ್ಟ ಅಳತಿ? ಒಂದು ತಿಂಗಳದ ಮಾತು, ಗಪ್ಪನ ಹೋಗತೈತಿ” ಎಂದಳು. ಅಧ್ಯಕ್ಷರು ಬಂದು ಕೀಲಿಯನ್ನು ನನ್ನ ಕೈಯಲ್ಲಿಟ್ಟರು. “ಹಾಲ್ ನಿಂದು. ಆದ್ರ ಒಂದು ಮಾತು, ಬಾಯಾರನ್ನ ಬಿಡಬ್ಯಾಡ.”

ಮುಂದಿನ ತಿಂಗಳು ಅದೇ ಅಜ್ಜಿ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಆಕೆಯ ಮೊಮ್ಮಗಳು ಅದೇ ಸಿನಿಮಾವನ್ನು ತನ್ನ ಫೋನಿನಲ್ಲಿ ನೋಡಿ, ಆ ಗಂಡಸು ಹಿಮದಲ್ಲಿ ಸತ್ತುಹೋದ ಅಂತ ವಾದಿಸಿದಳಂತೆ.

ನಾನು ಅಳುಕುತ್ತಲೇ ಕೇಳಿದೆ: “ಮತ್ತ ನೀವೇನಂದ್ರಿ ಅಮ್ಮಾ?”

“ಏನಂತೀನಿ? ನಿನ್ನ ಫೋನಿನಾಗ ಅರ್ಧಾ ಸಿನಿಮಾ ಐತಿ, ಶ್ರಾವಣದ್ದು ಕಟ್ ಮಾಡ್ಯಾರ ಅಂದೆ. ಪೂರ್ತಿ ಬೇಕಂದ್ರ ನಮ್ಮ ಹಾಲಿಗೆ ಬಾ ಅಂತ ಹೇಳೀನಿ.”