ಹುಲ್ಲುಗಾಡಿ ಮತ್ತು ಆಸನ ಶಿಷ್ಟಾಚಾರ

ಸಾರ್ವಜನಿಕ ಹಸಿರು ಇಲಾಖೆಯ ಮುಖ್ಯ ಕಚೇರಿಯ ಹುಲ್ಲುಹಾಸನ್ನು ಕತ್ತರಿಸತಕ್ಕ ಸವಾರಿ ಯಂತ್ರವು, ಹೊಸ ನಿರ್ದೇಶಕರು ಅಧಿಕಾರ ವಹಿಸಿಕೊಂಡ ದಿನದಿಂದ ಚಾಲೂ ಆಗಲಿಲ್ಲ. ಈ ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧವಿಲ್ಲವೆಂದು ಇಲಾಖೆ ಅದೇ ದಿನ ಪ್ರಕಟಣೆ ಹೊರಡಿಸಿತು. ಸಂಬಂಧವಿದೆಯೇ ಎಂದು ಯಾರೂ ಕೇಳಿರಲಿಲ್ಲ.

ಯಂತ್ರವನ್ನು ಎಲ್ಲರೂ ಹುಲ್ಲುಗಾಡಿ ಎನ್ನುತ್ತಿದ್ದರು. ನಾಲ್ಕು ಚಕ್ರ, ಹೊಟ್ಟೆಯಡಿ ಬ್ಲೇಡು, ಮುಂದೊಂದು ಸ್ಟೀರಿಂಗು, ಮೇಲೊಂದು ಕಪ್ಪು ಸೀಟು. ಮೊದಲೆಲ್ಲ ಅದರ ಚಾಲಕ ಬೆಳಿಗ್ಗೆ ಬಂದವನೇ ಸೀಟಿನ ಮೇಲೆ ಕೂತು, ಕೀ ತಿರುಗಿಸಿ, ಅಧಿಕಾರಿಗಳು ಬರುವಷ್ಟರಲ್ಲಿ ಅಂಗಳ ಮುಗಿಸಿ ಕೈತೊಳೆದುಕೊಳ್ಳುತ್ತಿದ್ದ. ಅವನ ಹೆಂಡತಿ, ಇಬ್ಬರು ಮಕ್ಕಳು, ಅತ್ತೆ, ಬಾಡಿಗೆ ಮನೆ, ಎಲ್ಲವೂ ಒಂದು ಲೆಕ್ಕದಲ್ಲಿ ಆ ಸೀಟಿನ ಮೇಲೆಯೇ ಕೂತಿದ್ದವು.

ಹೊಸ ನಿರ್ದೇಶಕರು ಕೆಲಸವನ್ನು ಕಣ್ಣಾರೆ ಕಾಣಬೇಕೆನ್ನುವ ಜಾತಿ. "ಇನ್ನು ಮುಂದೆ ಸದರಿ ಯಂತ್ರವನ್ನು ನಿರ್ದೇಶಕರ ಖುದ್ದು ಸಮ್ಮುಖದಲ್ಲಿ ಮಾತ್ರ ಚಾಲೂ ಮಾಡತಕ್ಕದ್ದು" ಎಂದು ಆದೇಶ ಹೊರಡಿಸಿದರು. ಒಳ್ಳೆಯ ಆದೇಶ. ಇಲಾಖೆಯಲ್ಲಿ ಅದಕ್ಕಿಂತ ಹಳೆಯ ಇನ್ನೊಂದು ಒಳ್ಳೆಯ ಆದೇಶವಿತ್ತು: "ಮೇಲಧಿಕಾರಿಗಳ ಸಮ್ಮುಖದಲ್ಲಿ ಕೆಳದರ್ಜೆಯವರು ಆಸೀನರಾಗತಕ್ಕದ್ದಲ್ಲ." ಎರಡನ್ನೂ ಪಾಲಿಸಿ ಚಾಲಕ ಗಾಡಿಯ ಪಕ್ಕ ನೆಟ್ಟಗೆ ನಿಂತ, ಸೊಂಟ ಬಗ್ಗಿಸಿದ, ಕೀ ತಿರುಗಿಸಿದ. ಗಾಡಿ ಕಮಕ್ ಕಿಮಕ್ ಎನ್ನಲಿಲ್ಲ.

ಹುಲ್ಲಿನ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ನಿರ್ದೇಶಕರು, "ಏನಯ್ಯಾ ಇದು?" ಎಂದರು.

"ನಿನ್ನೆವರೆಗೂ ಚೆನ್ನಾಗಿತ್ತು ಸಾರ್."

"ಅಂದ್ರೆ ನಾನು ಬಂದ ಮೇಲೆ ಕೆಟ್ಟೋಯ್ತು ಅಂತೀಯಾ?"

"ಅಯ್ಯೋ ಇಲ್ಲ ಸಾರ್! ಮೊದಲಿಂದ್ಲೂ ಕೆಟ್ಟಿತ್ತು ಸಾರ್."

ಪಕ್ಕದಲ್ಲಿದ್ದ ಹೆಡ್ ಕ್ಲರ್ಕ್ ಇದನ್ನು ಬರೆದುಕೊಂಡರು. ನಿದ್ದೆಯಲ್ಲೂ ಉಪನಿಯಮ ಬಡಬಡಿಸುವ ಮನುಷ್ಯ. ಹಾಗಾಗಿ ಬೆನ್ನ ಹಿಂದೆ ಅವರ ಹೆಸರೇ ಉಪನಿಯಮ. ಅವರು ಚಾಲಕನನ್ನು ಪಕ್ಕಕ್ಕೆ ಕರೆದು ಸಮಾಧಾನದ ದನಿಯಲ್ಲಿ ಹೇಳಿದರು: "ನಿನ್ನದು ಯಂತ್ರಾಶ್ರಿತ ಹುದ್ದೆ ಕಣಪ್ಪ. ಯಂತ್ರ ಗುಜರಿಗೆ ಹೋದ್ರೆ ಹುದ್ದೇನೂ ಅದರ ಜೊತೆಗೇ ಹೋಗುತ್ತೆ. ನೀನೇನೂ ಓಡಾಡಬೇಕಾಗಿಲ್ಲ, ಎಲ್ಲ ನಾವೇ ಮಾಡಿಕೊಡ್ತೀವಿ."

ಚಾಲಕ ಓಡಿಹೋಗಿ ಮತ್ತೊಮ್ಮೆ ಸೊಂಟ ಬಗ್ಗಿಸಿ ಕೀ ತಿರುಗಿಸಿದ.

ತಪಾಸಣೆ ಶುರುವಾಯಿತು. ಉಗ್ರಾಣದವರು ಬಂದು ಪೆಟ್ರೋಲು ಸರಿಯಿದೆಯೇ ಎಂದು ನೋಡಲು ಎಲ್ಲವನ್ನೂ ಹೊರತೆಗೆದರು; ಸರಿಯಿತ್ತು; ವಾಪಸು ಹಾಕುವಾಗ ಅರ್ಧ ಆವಿಯಾಗಿತ್ತು. ಆವಿಯಾಗುವುದು ಪೆಟ್ರೋಲಿನ ಸಹಜ ಗುಣವೆಂದು ಷರಾ ಬರೆದು, ಉಗ್ರಾಣಾಧಿಕಾರಿ ತಮ್ಮ ಸ್ಕೂಟರಿನಲ್ಲಿ ಮನೆಗೆ ಹೋದರು. ವಿದ್ಯುತ್ ಶಾಖೆಯವರು ಬ್ಯಾಟರಿ ಚೆನ್ನಾಗಿದೆಯೆಂದು ದೃಢಪಡಿಸಿಕೊಂಡು, ಅಷ್ಟು ಚೆನ್ನಾಗಿರುವುದನ್ನು ಕೆಟ್ಟ ಗಾಡಿಯಲ್ಲಿ ಬಿಡುವುದು ದುಂದುವೆಚ್ಚವೆಂದು ಬಿಚ್ಚಿಕೊಂಡು ಹೋಗಿ, ಅದರ ಜಾಗಕ್ಕೆ ಸುಮಾರಾದ ಒಂದನ್ನು ತಂದು ಕೂರಿಸಿದರು. ಭದ್ರತಾ ಶಾಖೆಯವರು ಬ್ಲೇಡಿನ ಉದ್ದ ಅಳೆದು, ಇದು ಆಯುಧವೆಂದು ತೀರ್ಮಾನಿಸಿ, ಒಬ್ಬ ಕಾವಲುಗಾರನನ್ನು ನೇಮಿಸಿದರು. ಎಲ್ಲರೂ ಕೊನೆಗೊಮ್ಮೆ ಕೀ ತಿರುಗಿಸಿ ನೋಡಿದರು. ನಿರ್ದೇಶಕರು ಎದುರಿಗೇ ಇದ್ದರಲ್ಲ, ಎಲ್ಲರೂ ನಿಂತೇ ತಿರುಗಿಸಿದರು.

ಹುಲ್ಲಿಗೆ ಇಲಾಖೆಯ ಕಷ್ಟ ಎಲ್ಲಿ ಅರ್ಥವಾಗಬೇಕು? ಅದು ಬೆಳೆಯಿತು. ನಿರ್ದೇಶಕರಿಗೆ ಯಂತ್ರ ಕಾಣದಂತಾದಾಗ ಅವರ ಕುರ್ಚಿಯನ್ನು ಮೇಜಿನ ಮೇಲೆ ಹತ್ತಿಸಲಾಯಿತು. ಕಾವಲುಗಾರನ ಟೋಪಿ ಮಾತ್ರ ಕಾಣುತ್ತಿತ್ತು. ಅದು ಆಗಾಗ ಅಲ್ಲಾಡುತ್ತಿದ್ದರಿಂದ ಅವನು ಕರ್ತವ್ಯದಲ್ಲಿದ್ದಾನೆಂದು ಹಾಜರಿ ಹಾಕುತ್ತಿದ್ದರು.

ಚಾಲಕನ ಮನೆಯಲ್ಲಿ ಹೆಂಡತಿ ಕೇಳಿದಳು: "ಏನ್ರೀ, ಕೆಲಸ ಉಳಿಯುತ್ತಾ?"

"ಉಳಿಯುತ್ತೆ ಅಂತ ಹೇಳೋಕೆ ನನ್ನ ಕೈಲಿ ಏನಿದೆ ಹೇಳು."

"ಕೈಲಿ ಕೀ ಇದೆಯಲ್ಲ!"

"ಕೀ ಇದೆ. ಗಾಡಿಗೆ ನನ್ನ ಮೇಲೆ ಮನಸ್ಸಿಲ್ಲ."

ಅವಳು ನಕ್ಕಳು, ಆಮೇಲೆ ಅತ್ತಳು. ಚಾಲಕನಿಗೆ ನಿಜವಾಗಿಯೂ ಭಯವಾಯಿತು. ಹುಲ್ಲು ಕತ್ತರಿಸುವುದು ಬಿಟ್ಟು ಬೇರೆ ವಿದ್ಯೆ ಅವನಿಗೆ ಬರುತ್ತಿರಲಿಲ್ಲ, ಬೇರೆಯದು ಬೇಕೆಂದು ಅನ್ನಿಸಿಯೂ ಇರಲಿಲ್ಲ.

ಯಂತ್ರವನ್ನು ಗುಜರಿಗೆ ಹಾಕುವ, ಹುದ್ದೆಯನ್ನು ರದ್ದು ಮಾಡುವ ಕಡತ ಹೊರಟಿತು. ಅಂತಿಮ ಪರೀಕ್ಷೆಯ ದಿನ ಎಲ್ಲ ಶಾಖೆಯವರೂ ಹುಲ್ಲು ಸರಿಸಿಕೊಂಡು ಗಾಡಿಯ ಸುತ್ತ ಸೇರಿದರು. ನಿರ್ದೇಶಕರು ಮೇಜು ಹತ್ತಿ ಕುರ್ಚಿಯಲ್ಲಿ ಕೂರುತ್ತಿದ್ದಂತೆ ಒದ್ದೆ ನೆಲದಲ್ಲಿ ಮೇಜಿನ ಕಾಲು ಕುಸಿದು, ಕುರ್ಚಿ ಮುರಿದು, ಅವರು ಕೆಳಗೆ ಬಂದರು. ನಿರ್ದೇಶಕರು ನೌಕರರ ಸರಿಸಮ ನಿಲ್ಲುವುದು ಶಿಷ್ಟಾಚಾರಕ್ಕೆ ವಿರುದ್ಧ. ಆ ಹುಲ್ಲಿನಲ್ಲಿ ಕೂರಲು ಬೇರೆ ಜಾಗವಿರಲಿಲ್ಲ. ಉಪನಿಯಮರು ತಮ್ಮ ಕರ್ಚೀಫಿನಿಂದ ಗಾಡಿಯ ಸೀಟು ಒರೆಸಿ, "ದಯಮಾಡಿಸಬೇಕು ಸಾರ್" ಎಂದರು. ನಿರ್ದೇಶಕರು ದಯಮಾಡಿಸಿದರು. ಚಾಲಕ ದೇವರನ್ನು ನೆನೆದು ಕೀ ತಿರುಗಿಸಿದ.

ಗಾಡಿ ಭರ್ರೆಂದಿತು.

ಚಾಲಕನಿಗೆ ತಟ್ಟನೆ ಹೊಳೆಯಿತು. "ಸಾರ್, ಸೀಟು! ಕೆಳಗಡೆ ಸ್ವಿಚ್ ಇದೆ ಸಾರ್! ಮೇಲೆ ಭಾರ ಬಿದ್ರೇನೇ ಎಂಜಿನ್ ಹೊರಡೋದು. ಯಾರಾದ್ರೂ ಕೂತ್ರೆ ಸಾಕು ಸಾರ್!"

ಉಪನಿಯಮರು ಕೈಯೆತ್ತಿದರು. "ಯಾರಾದ್ರೂ ಅನ್ನೋ ದರ್ಜೆ ನಮ್ಮ ಇಲಾಖೇಲಿ ಇಲ್ಲ. ಈಗ ಕೂತವರು ಯಾರು?"

"ನಿರ್ದೇಶಕರು."

"ಹೊರಟದ್ದು?"

"ಗಾಡಿ."

"ಅಷ್ಟೇ ವಿಷಯ. ಜಾಸ್ತಿ ಮಾತು ಬೇಡ."

ತಾಂತ್ರಿಕ ವರದಿ ಸಂಜೆಯೇ ಸಿದ್ಧವಾಯಿತು: "ಸದರಿ ಯಂತ್ರವು ನಿರ್ದೇಶಕರ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿಯಿಂದ ಮಾತ್ರ ಚಾಲಿತವಾಗುತ್ತದೆ." ನಿರ್ದೇಶಕರಿಗೆ ಹೆಮ್ಮೆಯೋ ಹೆಮ್ಮೆ. ಮರುದಿನದಿಂದ ಅವರೇ ಹುಲ್ಲು ಕತ್ತರಿಸತೊಡಗಿದರು. ಶುರು ಮಾಡಿದ ಕೆಲಸ ಸಂಜೆಯೊಳಗೆ ಮುಗಿಯುವುದನ್ನು ಅವರು ಇಷ್ಟು ವರ್ಷದ ಸೇವೆಯಲ್ಲಿ ಕಂಡಿರಲಿಲ್ಲ. ಬಣ್ಣ ಬಿಸಿಲಿಗೆ ಕಂದಿತು, ಹೊಟ್ಟೆ ಕರಗಿತು, ಸಿಳ್ಳೆ ಹಾಕುವುದನ್ನೂ ಕಲಿತರು.

ಒಳಗೆ ಅವರ ಕುರ್ಚಿ ಖಾಲಿಯಿತ್ತು. ಕುರ್ಚಿ ಖಾಲಿ ಬಿಡುವಂತಿಲ್ಲ. ಇಡೀ ಕಚೇರಿಯಲ್ಲಿ ಕೈ ಖಾಲಿಯಿದ್ದವನು ಚಾಲಕನೊಬ್ಬನೇ ಆದ್ದರಿಂದ ಉಪನಿಯಮರು ಅದಲುಬದಲಿನ ಆದೇಶ ಬರೆದರು: ಗಾಡಿಯ ಸೀಟಿನ ಮೇಲಿರುವಷ್ಟು ಹೊತ್ತು ಅವರು ನಿರ್ದೇಶಕರು, ಇಳಿದ ಕೂಡಲೇ ಚಾಲಕರು, ಕುರ್ಚಿಯಲ್ಲಿರುವಷ್ಟು ಹೊತ್ತು ಚಾಲಕನಾಗಿದ್ದ ಇವನು ನಿರ್ದೇಶಕ. ಯಾರಿಗೂ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ತೋರಿಸಿದ ಕಡೆ ಇವನು ಸಹಿ ಹಾಕುತ್ತಿದ್ದ. ಕಡತಗಳು ಮೊದಲಿಗಿಂತ ಬೇಗ ಸಾಗುತ್ತಿವೆಯೆಂದು ಎಲ್ಲರೂ ಹೊಗಳಿದರು. ಹೆಂಡತಿ ಮಾತ್ರ, "ದಿನವಿಡೀ ಕೂತ್ರೆ ಬೆನ್ನು ಹಿಡ್ಕೊಳ್ಳುತ್ತೆ, ದಿಂಬು ತಗೊಂಡು ಹೋಗಿ" ಎಂದಳು.

ಒಂದು ಮಧ್ಯಾಹ್ನ, ಹಿಂದಿನ ಅಂಗಳವನ್ನೂ ತಮಗೇ ವಹಿಸಬೇಕೆಂದು ಕೇಳಲು ಈಗ ಗಾಡಿ ಓಡಿಸುತ್ತಿದ್ದ ಹಳೆಯ ನಿರ್ದೇಶಕರು ಕಾಲಿಗಂಟಿದ ಹುಲ್ಲು ಬಾಗಿಲಲ್ಲೇ ಕೊಡವಿ ಒಳಗೆ ಬಂದರು. ಅದೇ ಹೊತ್ತಿಗೆ ಉಪನಿಯಮರು ಮೇಜಿನ ಮೇಲೆ ಒಂದು ಕಡತ ಇಟ್ಟರು. ಅದು ಹುಲ್ಲುಗಾಡಿ ಚಾಲಕ ಹುದ್ದೆ ರದ್ದಿನ ಕಡತ. ಗಾಡಿ ಈಗ ಓಡುತ್ತಿತ್ತು, ನಿಜ. ಆದರೆ ಒಮ್ಮೆ ಹೊರಟ ಕಡತ ಹಿಂದಿರುಗುವ ಪದ್ಧತಿ ಇಲಾಖೆಯಲ್ಲಿಲ್ಲ.

"ಸಹಿ ಹಾಕದಿದ್ರೆ ಏನಾಗುತ್ತೆ?" ಎಂದು ಇವನು ಕೇಳಿದ.

"ಹುದ್ದೆ ಉಳಿಯುತ್ತೆ. ಮೂಲತಃ ನೀವು ಆ ಹುದ್ದೆಯವರು. ವಾಪಸ್ ಹೋಗಬೇಕಾಗುತ್ತೆ. ಅಲ್ಲಿಗೆ ಹೋದ್ರೆ ಗಾಡಿ ನಿಮಗೆ ಹೊರಡಲ್ಲ. ಹೊರಡದಿದ್ರೆ ಹುದ್ದೆ ರದ್ದು."

"ಹಾಕಿದ್ರೆ?"

"ಇವರದು ಹೋಗುತ್ತೆ. ಸೀಟಿಂದ ಇಳಿದಿದ್ದಾರಲ್ಲ, ಈಗ ಇವರೇ ಚಾಲಕರು."

ಇವನು ಪೆನ್ನು ಕೆಳಗಿಟ್ಟ. ಮನೆ, ಮಕ್ಕಳು, ಹೆಂಡತಿ ಅತ್ತದ್ದು, ಎಲ್ಲ ಕಣ್ಮುಂದೆ ಬಂತು. ಎದುರಿಗೆ ನಿಂತವರ ಮನೆಯಲ್ಲೂ ಅಳುವವರು ಇರಬೇಕಲ್ಲ ಎನ್ನಿಸಿ, "ಮೊದಲು ಕೂತ್ಕೊಳ್ಳಿ ಸಾರ್, ಮಾತಾಡೋಣ" ಎಂದು ಖಾಲಿ ಕುರ್ಚಿ ತೋರಿಸಿದ.

"ಎಲ್ಲಾದ್ರೂ ಉಂಟೇ ಸಾರ್, ನಿಮ್ಮೆದುರಿಗೆ!" ಎಂದು ಅವರು ಒಂದು ಹೆಜ್ಜೆ ಹಿಂದೆ ಸರಿದರು. "ಸಂಕೋಚ ಬೇಡ, ಹಾಕಿ. ನಾನು ಆ ಕುರ್ಚೀಲಿದ್ದಿದ್ರೂ ಹಾಕ್ತಿದ್ದೆ."

ಇವನು ಸಹಿ ಹಾಕಿದ. ಶಾಯಿ ಹರಡದಿರಲೆಂದು ಹಳೆಯ ನಿರ್ದೇಶಕರು ಮೇಜಿನ ಮೇಲೆ ಬಾಗಿ, ಅದು ಒಣಗುವವರೆಗೂ ಮೆಲ್ಲಗೆ ಊದಿದರು.