ಎಲ್ಲಾ ಜಾತಿಗೂ ಒಂದೇ ನೀರು

ಕರಿಸಿದ್ದಯ್ಯ ಹೇಳಿದ್ದು ಮೀನಿನ ವಿಷಯ. ಆದರೆ ಕೇಳಿಸಿಕೊಂಡವಳು ಮಂಚಮ್ಮ. ಅಲ್ಲಿಂದಲೇ ಶುರುವಾಯಿತು ನೋಡಿ ಗ್ರಹಚಾರ.

ಅದು ಯುದ್ಧದ ಕಾಲ. ಹೊಳೆದಂಡೆಯಲ್ಲಿ ಕರೆಂಟು ತಯಾರಿಸುವ ಬ್ಲಫ್‌ನ ಪವರ್ ಹೌಸಿನಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸ ಕರಿಸಿದ್ದಯ್ಯನದು. ಹಳೇ ಬ್ಯಾಟರಿಯ ದೊಡ್ಡ ಗಾಜಿನ ತೊಟ್ಟಿಯೊಂದು ಮೂಲೆಗೆ ಬಿದ್ದಿತ್ತು. ಸಾಹೇಬರನ್ನು ಕೇಳಿ ಮನೆಗೆ ಹೊತ್ತು ತಂದು, ಆಸಿಡ್ಡಿನ ವಾಸನೆ ಹೋಗುವ ತನಕ ತಿಕ್ಕಿ ತಿಕ್ಕಿ ತೊಳೆದ. ತಳಕ್ಕೆ ಮರಳು ಹಾಸಿ, ಹೊಳೆಯೊಳಗೆ ಬೆಳೆಯುವ ಉದ್ದೆಲೆಯ ಗಿಡ ನೆಟ್ಟ. ತೊಟ್ಟಿಯ ಮೇಲೆ ಅಡ್ಡಮಣೆ ಇಟ್ಟು, ಅದರ ಮೇಲೆ ತಳ ತೂತಾದ ಮಡಕೆ ಕೂರಿಸಿದ. ಮಡಕೆಯೊಳಗೆ ಕಲ್ಲುಹರಳು, ಮರಳು, ಹೆಂಡತಿ ಚಿಕ್ಕನಂಜಮ್ಮನ ಒಲೆಯ ಇದ್ದಿಲು. ಸೌಟಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಮಡಕೆಗೆ ಹುಯ್ದರೆ, ಸೋಸಿಕೊಂಡು ಮತ್ತೆ ತೊಟ್ಟಿಗೇ ತೊಟ್ಟಿಕ್ಕುತ್ತಿತ್ತು. ಗೆಂಡೆ, ಸಸಲು, ಮೀಸೆಯ ಚೇಳುಮೀನು ಎಲ್ಲವೂ ಗಿಡಗಳ ಸಂದಿಯಲ್ಲಿ ಓಡಾಡುತ್ತಿದ್ದವು. ಅವನಿಗೋ, ನೋಡಿದಷ್ಟೂ ಸಾಲದು.

ಒಂದು ಬೆಳಿಗ್ಗೆ, ತೊಟ್ಟಿ ಇಟ್ಟಿದ್ದ ಜಗುಲಿಯ ಮುಂದೆ ಹಾದುಹೋದ ನೆರೆಮನೆಯ ಮಂಚಮ್ಮ, "ಇದೇನ್ಲಾ ಇದು?" ಅಂದಳು.

"ಸೋಸಿದ್ ನೀರು ಕಣವ್ವ. ಎಲ್ಲಾ ಜಾತಿಗೂ ಒಂದೇ ನೀರು. ಒಂದುಕ್ಕೊಂದು ಕಚ್ಚಾಡಕಿಲ್ಲ" ಅಂದ ಕರಿಸಿದ್ದಯ್ಯ ಹೆಮ್ಮೆಯಿಂದ.

ಅವಳು ಮೀನು ನೋಡಲೇ ಇಲ್ಲ. ಅಯ್ಯೋ ಶಿವನೇ ಅನ್ನುತ್ತಾ ನಲ್ಲಿಯ ಹತ್ತಿರ ಓಡಿದಳು.

ನಲ್ಲಿಯ ಕತೆಯನ್ನೂ ಹೇಳಿಬಿಡಬೇಕು. ಪವರ್ ಹೌಸಿನ ಕೆಲಸಗಾರರ ಸಾಲುಮನೆಗೆಲ್ಲ ಒಂದೇ ನಲ್ಲಿ. ಕರಿಸಿದ್ದಯ್ಯನ ಜಾತಿಯವರು ಅದನ್ನು ಮುಟ್ಟುವಂತಿರಲಿಲ್ಲ. ಎಲ್ಲರದೂ ಆದ ಮೇಲೆ ಚಿಕ್ಕನಂಜಮ್ಮ ಬಿಂದಿಗೆ ಕೆಳಗಿಟ್ಟು ದೂರ ನಿಲ್ಲಬೇಕು. ಮನಸ್ಸು ಬಂದವರು ಮೇಲಿಂದ ಹುಯ್ಯಬೇಕು. ಅಂಥಾ ಕಡೆ, ಕರಿಸಿದ್ದ ಎಲ್ಲಾ ಜಾತಿಗೂ ಒಂದೇ ನೀರಿನ ತೊಟ್ಟಿ ಕಟ್ಟಿದ್ದಾನೆ ಅಂದರೆ ಬಿಡುತ್ತಾರೆಯೇ? ಸಾಲುಮನೆಗೆ ತಾನೇ ಯಜಮಾನನಾಗಿದ್ದ ಫಿಟ್ಟರ್ ತಿಮ್ಮಯ್ಯ ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ, ನಲ್ಲಿಯ ಹತ್ತಿರದ ಜನರನ್ನೆಲ್ಲ ಹಿಂದಿಟ್ಟುಕೊಂಡು ಬಂದ.

"ಏನ್ಲಾ, ಯಾರನ್ ಕೇಳಿ ಮಡಗ್ದೆ ಇದ್ನ?"

"ಮೀನುಗಳ್ನ ಕೇಳ್ದೆ ತಿಮ್ಮಯ್ಯೋರೆ. ಒಪ್ಕಂಡ್ವು."

ತಿಮ್ಮಯ್ಯ ಬಗ್ಗಿ ನೋಡಿದ. ಮೀನೇ. ಆದರೆ ಇಷ್ಟು ಜನರ ಮುಂದೆ ಬಂದು ಸುಮ್ಮನೆ ಹೋಗಲಾದೀತೇ?

"ಮೀನೋ ಮೊಸಳೇನೋ, ಮಾತು ಮಾತೇ ಕಣ್ಲಾ. ಸಂಜೆ ಒಳ್ಗೆ ಇದ್ನ ಎತ್ಬುಡು. ಇಲ್ದಿದ್ರೆ ನಿನ್ ಎಂಡ್ರ ಬಿಂದ್ಗೆಗೆ ಒಂದ್ ತೊಟ್ಟೂ ಉಯ್ಯಕಿಲ್ಲ."

"ಉಯ್ಯಬ್ಯಾಡಿ! ಒಳೆ ಏನು ನಿಮ್ಮಪ್ಪಂದಾ?"

ಬಾಗಿಲಲ್ಲಿ ನಿಂತಿದ್ದ ಚಿಕ್ಕನಂಜಮ್ಮ ತಲೆಯ ಮೇಲೆ ಕೈ ಹೊತ್ತಳು. "ಮೀನು ಅಂದ್ರೆ ಸಾರು ಮಾಡ್ತಾರೆ ಕಣಯ್ಯ. ನೀನು ಅವುಕ್ಕೆ ಅರಮನೆ ಕಟ್ಟಿ ನನ್ ಬಿಂದ್ಗೆ ಒಣಗಿಸ್ಬುಟ್ಟೆ."

"ಈ ತೊಟ್ಟಿ ಎತ್ತಿದ್ರೆ ನಾನು ಕರಿಸಿದ್ದನೇ ಅಲ್ಲ, ತಿಳ್ಕ!"

ಎರಡು ಬಿಂದಿಗೆ ಹಿಡಿದು ಹೊಳೆಗೆ ನಡೆದೇಬಿಟ್ಟ. ಅಲ್ಲಿ ಮಳೆಯ ಹೊಸನೀರು ಬಂದು ಕೆಂಪಗೆ ಉಕ್ಕುತ್ತಿತ್ತು. ದಡದಲ್ಲಿ ಜಾರಿ ಬಿದ್ದು ಒಂದು ಬಿಂದಿಗೆ ನಗ್ಗಿಸಿಕೊಂಡ. ಎರಡನೆಯದನ್ನು ತಂದು ಮಡಕೆಗೆ ಹುಯ್ದ. ಒಂದು ಸಲಕ್ಕೆ ಮಂಕಾಗಿ ಇಳಿಯಿತು. ಮತ್ತೆ ಹುಯ್ದ, ಮತ್ತೆ ಹುಯ್ದ. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯ ನೀರು ಹೇಗಿತ್ತೆಂದರೆ, ತಳದ ಮರಳನ್ನು ಎಣಿಸಬಹುದಿತ್ತು.

ಅದೇ ಹೊತ್ತಿಗೆ ನಲ್ಲಿಯಲ್ಲೂ ಹೊಸನೀರು ಬಂತು. ರಾಗಿ ಅಂಬಲಿಯ ಬಣ್ಣ. ಅವತ್ತೇ ತಿಮ್ಮಯ್ಯನ ಮಗಳನ್ನು ನೋಡಲು ಕೆರಗೋಡಿನಿಂದ ಗಂಡಿನ ಕಡೆಯವರು ಬಂದು ಚಾಪೆಯ ಮೇಲೆ ಕೂತಿದ್ದರು. ಕುಡಿಯಲು ಕೊಟ್ಟ ಚೊಂಬನ್ನು ಇಣುಕಿ ನೋಡಿ, ಗಂಡಿನ ತಾಯಿ ಅದನ್ನು ಮೆಲ್ಲಗೆ ಆಚೆ ಸರಿಸಿದಳು.

ತಿಮ್ಮಯ್ಯ ಹಿತ್ತಲಿಂದ ಬಳಸಿಕೊಂಡು, ಬಿಂದಿಗೆಯನ್ನು ಟವೆಲಿನಲ್ಲಿ ಮುಚ್ಚಿಕೊಂಡು ಕರಿಸಿದ್ದಯ್ಯನ ಮನೆಗೆ ಬಂದ.

"ಕರಿಸಿದ್ದಯ್ಯ..." ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ಆ 'ಅಯ್ಯ' ಬಂದಿದ್ದು ಅದೇ ಮೊದಲು. "ಒಂದ್ ಬಿಂದ್ಗೆ ನೀರು ಕೊಡಪ್ಪ. ಮಾನ ಓಯ್ತದೆ."

"ಎಲ್ಲಾ ಜಾತಿ ನೀರು ತಿಮ್ಮಯ್ಯೋರೆ ಇದು."

"ಇದ್ಲಲ್ಲಿ ಸೋಸಿದ್ ಮ್ಯಾಕೆ ಮೈಲಿಗೆ ಎಲ್ಲದೆ? ಎಲ್ಲಾನೂ ಇದ್ಲು ಈರ್ಕತದೆ, ಬುಡು."

ಕರಿಸಿದ್ದಯ್ಯ ಮೀನುಗಳನ್ನು ಮೆತ್ತಗೆ ಹಿಡಿದು ಸಾರಿನ ಮಡಕೆಗೆ ಬಿಟ್ಟ. ಸೌಟು ಹಿಡಿದು ನೆಟ್ಟಗೆ ನಿಂತ.

"ಬಿಂದ್ಗೆ ಕೆಳಗ್ ಮಡಗಿ ದೂರ ನಿಂತ್ಕಳಿ ಬುದ್ಧಿ. ಮೇಲಿಂದ ಉಯ್ತೀನಿ. ತೊಟ್ಟಿಗೆ ಮುಟ್ಟಿಸ್ಬ್ಯಾಡಿ, ಮೀನ್ಗಳ್ಗೆ ಮೈಲಿಗೆ ಆಯ್ತದೆ."

ತಿಮ್ಮಯ್ಯ ಹಲ್ಲು ಕಚ್ಚಿಕೊಂಡು ಬಿಂದಿಗೆ ಇಟ್ಟ, ದೂರ ನಿಂತ. ಚಿಕ್ಕನಂಜಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಕರಿಸಿದ್ದಯ್ಯನಿಗೆ ಅವತ್ತು ಆದ ಸಂತೋಷ ಮದುವೆಯಲ್ಲೂ ಆಗಿರಲಿಲ್ಲ.

ನೀರು ಕುಡಿದ ಗಂಡಿನ ತಾಯಿ, "ಒಳ್ಳೆ ಎಳನೀರ್ ಇದ್ದಂಗದೆ" ಅಂದಳಂತೆ, ಹೆಣ್ಣನ್ನೂ ಒಪ್ಪಿದಳಂತೆ. ನೆಂಟರು ಬಸ್ಸು ಹತ್ತುವುದರೊಳಗೆ ಸಾಲುಮನೆಯೆಲ್ಲ ಬಿಂದಿಗೆ ಹಿಡಿದು ಕರಿಸಿದ್ದಯ್ಯನ ಜಗುಲಿಯ ಮುಂದೆ ನಿಂತಿತ್ತು. ಮುಂದುಗಡೆ ಮಂಚಮ್ಮ. ಅವನು ಇನ್ನಷ್ಟು ನೀರಿಗೆಂದು ಹೊಳೆಗೆ ಹೋಗಿ ಬರುವಷ್ಟರಲ್ಲಿ ಸೌಟು ತಿಮ್ಮಯ್ಯನ ಕೈಗೆ ಹೋಗಿತ್ತು. "ಸಾಲಾಗಿ ನಿಂತ್ಕಳ್ರೋ" ಎಂದು ಅವನದೇ ಯಜಮಾನಿಕೆ.

ಇತ್ತ ಸಾರಿನ ಮಡಕೆಯಲ್ಲಿ ಮೀನುಗಳು ಬಾಯಿ ಮೇಲೆತ್ತಿ ಒದ್ದಾಡುತ್ತಿದ್ದವು. ಕರಿಸಿದ್ದಯ್ಯ ಮಡಕೆ ಎತ್ತಿಕೊಂಡು ತೊಟ್ಟಿಯ ಹತ್ತಿರ ಓಡಿದ.

"ಲೇ ಕರಿಸಿದ್ದ!" ತಿಮ್ಮಯ್ಯ ಸೌಟು ಅಡ್ಡ ಹಿಡಿದ. "ನಿನ್ ಸರದಿ ಕೊನೇಗೆ ಕಣ್ಲಾ. ಮಡ್ಕೆ ಕೆಳಗ್ ಮಡಗು, ಮೇಲಿಂದ ಉಯ್ತೀನಿ."

ಕರಿಸಿದ್ದಯ್ಯನಿಗೆ ಮೈಯೆಲ್ಲಾ ಉರಿದುಹೋಯಿತು. ಮಡಕೆ ಕೆಳಗಿಡಲಿಲ್ಲ. ಎಲ್ಲರೂ ನೋಡುತ್ತಿದ್ದ ಹಾಗೆಯೇ ಮಡಕೆಯ ಸಮೇತ ಮೊಣಕೈ ತನಕ ಎರಡು ಕೈಯನ್ನೂ ತೊಟ್ಟಿಯೊಳಗೆ ಅದ್ದಿ ಮೀನುಗಳನ್ನು ಬಿಟ್ಟ. ಗೆಂಡೆ, ಸಸಲು, ಚೇಳುಮೀನು ಗಿಡಗಳ ಸಂದಿಗೆ ನುಗ್ಗಿದವು.

"ಮುಟ್ದೆ ಕಣ್ರಯ್ಯಾ! ಈಗ ಯಾರು ಕುಡೀತೀರೋ ಕುಡೀರಿ!"

ಬಿಂದಿಗೆಗಳು ಸೊಂಟದಿಂದ ಸೊಂಟಕ್ಕೆ ಬದಲಾದವು. ಕೊನೆಗೆ ಮಂಚಮ್ಮನೇ ಗಂಟಲು ಸರಿಮಾಡಿಕೊಂಡಳು.

"ಅದ್ಕೇನಂತೆ? ಇದ್ಲು ಎಲ್ಲಾನೂ ಈರ್ಕತದಂತಲ್ಲ. ಇನ್ನೊಂದ್ಸಲ ಸೋಸ್ಬುಡಪ್ಪ, ಸರಿಯೋಯ್ತದೆ."

"ಊ ಕಣ್ಲಾ, ಸೋಸು ಸೋಸು" ಎಂದು ಸಾಲಿಗೆ ಸಾಲೇ ಅಂದಿತು. ತಿಮ್ಮಯ್ಯ ಸೌಟನ್ನು ಅಡ್ಡಮಣೆಯ ಮೇಲೆ ಇಟ್ಟು ದೂರ ಸರಿದ.

ಕರಿಸಿದ್ದಯ್ಯ ಸೌಟು ಎತ್ತಿಕೊಂಡ.

"ಸೋಸ್ತೀನಿ ಕಣವ್ವಾ, ರಾತ್ರಿಯೆಲ್ಲಾ ಸೋಸ್ತೀನಿ. ಆದ್ರೆ ಒಂದ್ ತಿಳ್ಕಳಿ. ಆ ಇದ್ಲು ನಮ್ಮಟ್ಟಿ ಒಲೇದು!"

ಆದರೂ ಬಿಂದಿಗೆ ಹಿಡಿದ ಒಬ್ಬರೂ ಸಾಲು ಬಿಟ್ಟು ಹೋಗಲಿಲ್ಲ.