ಕೆಂಪು ಚುಕ್ಕೆಯ ಲೆಕ್ಕ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವುದು ಬಹಳ ಸುಲಭ, ಎದುರಿಗೆ ಹೆಣ್ಣು ಕೊಟ್ಟ ಮಾವ ಇಲ್ಲದಿದ್ದರೆ. ಮಾಲೀಕರ ಮುಂದೆ ಹೇಳಿದ್ದೇನೆ, ಹೆಂಡತಿಯ ಮುಂದೆ ದಿನಕ್ಕೆರಡು ಸಲ ಹೇಳುತ್ತೇನೆ. ಮಾವನ ಮುಂದೆ ಮಾತ್ರ ನಾಲಿಗೆ ಹೊರಳುವುದಿಲ್ಲ. ಇದಕ್ಕೆ ಕಾರಣ ನನ್ನ ಮದುವೆಯ ಮಾತುಕತೆ. ಆಗ ನಾನು ಗದಗಿನ ಒಂದು ಛಾಪಖಾನೆಯಲ್ಲಿ ಕರಡು ತಿದ್ದುತ್ತಿದ್ದೆ. ಜೊತೆಗೆ ಮುಂಬೈಯಿಂದ ಅಂಚೆಯಲ್ಲಿ ರೇಡಿಯೋ ಪಾಠ ತರಿಸುತ್ತಿದ್ದೆ. ಹನ್ನೆರಡು ಪಾಠ ಬಂದಿದ್ದವು, ಮೂರು ಓದಿದ್ದೆ. ನಮ್ಮ ಕಾಕಾ ಅದನ್ನೇ ಹಿಗ್ಗಿಸಿ, "ಹುಡುಗ ರೇಡಿಯೋ ಇಂಜಿನಿಯರ್ ಅದಾನ್ರಿ" ಎಂದು ಹೇಳಿ ಲಕ್ಷ್ಮೇಶ್ವರದ ಹತ್ತಿ ವ್ಯಾಪಾರಿಯೊಬ್ಬರ ಮಗಳನ್ನು ಗೊತ್ತು ಮಾಡಿಬಿಟ್ಟರು. ದಿನವಿಡೀ ತಪ್ಪು ತಿದ್ದುವುದೇ ಕಸುಬಾದ ನನಗೆ ಆ ಒಂದು ತಪ್ಪು ಮಾತ್ರ ತಿದ್ದಬೇಕೆನಿಸಲಿಲ್ಲ.

ಅದರ ಫಲ ಏಕೀಕರಣದ ವರ್ಷ ಉಣ್ಣಬೇಕಾಯಿತು. ಮಹಾನವಮಿ ಮುಗಿದ ವಾರಕ್ಕೆ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಗೋಣಿಚೀಲ ಸುತ್ತಿದ ಒಂದು ಭಾರದ ಗಂಟು, ಜೊತೆಗೆ ಮಾವನ ಚೀಟಿ ಬಂದವು. ಹುಬ್ಬಳ್ಳಿಯಲ್ಲಿ ಮಿಲಿಟರಿಯವರ ಹಳೆ ಸಾಮಾನು ಹರಾಜಾದಾಗ ಕೊಂಡದ್ದಂತೆ. "ಇದು ಏನಂತ ನೋಡಿ ತಿಳಸ್ರಿ. ರೇಡಿಯೋ ಇರಬೇಕು. ನಾಡು ಒಂದಾಗೋ ದಿನ ಆ ಸುದ್ದಿ ನಮ್ಮದs ರೇಡಿಯೋದಾಗ ಕೇಳಬೇಕಂತ ಆಸೆ ಐತಿ." ಈ ಆಸೆ ಸಣ್ಣದಲ್ಲ. ಮಾವನ ಊರು ಮೊನ್ನೆ ಮೊನ್ನೆಯವರೆಗೆ ಸಂಸ್ಥಾನಿಕರದು, ನಮ್ಮೂರು ಮುಂಬೈ ಸರಕಾರದ್ದು. ಮಗಳನ್ನು ಪರರಾಜ್ಯಕ್ಕೆ ಕೊಟ್ಟೆ ಎಂದು ನಗೆಯಾಡುತ್ತಲೇ ಏಕೀಕರಣದ ಒಂದು ಸಭೆಯನ್ನೂ ಬಿಡದ ಮನುಷ್ಯ ಅವರು. ಅವರಿಗೆ ನಿರಾಸೆ ಮಾಡಲು ನನಗೆ ನಿಜವಾಗಿಯೂ ಮನಸ್ಸಿರಲಿಲ್ಲ.

ಗಂಟು ಬಿಚ್ಚಿದೆ. ರೊಟ್ಟಿಗೆ ಹಿಟ್ಟು ನಾದುವ ಪರಾತದಷ್ಟು ದೊಡ್ಡ ಕಬ್ಬಿಣದ ತಟ್ಟೆ. ಮೇಲೆ ನಾಲ್ಕು ಗಾಜಿನ ವಾಲ್ವುಗಳು, ಎರಡು ಟ್ರಾನ್ಸ್‌ಫಾರ್ಮರು. ಕೆಳಗೆ ತಂತಿಗಳ ಸಂತೆ, ನಡುವೆ ಬಣ್ಣಬಣ್ಣದ ಪುಟ್ಟ ಕಡ್ಡಿಗಳು. ಹೆಸರಿಲ್ಲ, ಚೀಟಿಯಿಲ್ಲ. ಆದರೆ ಆ ಕಡ್ಡಿಗಳನ್ನು ಕಂಡು ನನಗೆ ಜೀವ ಬಂದಂತಾಯಿತು, ಯಾಕೆಂದರೆ ಮೂರನೆಯ ಪಾಠ ಅವುಗಳದ್ದೇ. ಅವು ರೆಸಿಸ್ಟರುಗಳು, ವಿದ್ಯುತ್ತಿನ ಓಟಕ್ಕೆ ತಡೆಹಾಕುವಂಥವು. ಮೈಬಣ್ಣ ಮೊದಲನೆಯ ಅಂಕಿ, ತುದಿಯ ಬಣ್ಣ ಎರಡನೆಯದು, ನಡುವಿನ ಚುಕ್ಕೆ ಮುಂದೆ ಎಷ್ಟು ಸೊನ್ನೆ ಎಂಬುದನ್ನು ಹೇಳುತ್ತದೆ. ಕಪ್ಪು ಎಂದರೆ ಸೊನ್ನೆ, ಕಂದು ಒಂದು, ಕೆಂಪು ಎರಡು, ಹೀಗೆ. ಕನ್ನಡಕ ಏರಿಸಿ ಓದತೊಡಗಿದೆ. ಮೊದಲನೆಯದಕ್ಕೆ ಕೆಂಪು ಚುಕ್ಕೆ. ಎರಡನೆಯದಕ್ಕೂ ಕೆಂಪು. ಇಪ್ಪತ್ತಾರಕ್ಕೆ ಇಪ್ಪತ್ತಾರೂ ಕೆಂಪು! ನಾನು ಓದಿದ ಪಾಠಗಳ ಯಾವ ನಕ್ಷೆಯಲ್ಲೂ ಹೀಗಿಲ್ಲ. ಅಂದ ಮೇಲೆ ಇದು ಸಾಮಾನ್ಯ ಯಂತ್ರವಲ್ಲ. ಕೂಡಲೇ ಮಾವನಿಗೆ ಕಾರ್ಡು ಬರೆದೆ: "ಇದು ಮಿಲಿಟರಿಯ ವಿಶೇಷ ರೇಡಿಯೋ. ದಿಲ್ಲಿಯೇನು, ವಿಲಾಯತಿಯನ್ನೂ ಹಿಡಿಯುತ್ತದೆ." ತಿರುಗಿ ಕಾರ್ಡು ಬಂತು: "ಹತ್ತು ಮಂದಿ ಬರತೇವಿ. ಬಾಳೆಹೊಸೂರ ಬೀಗರೂ ಬರತಾರ."

ಓಣಿಯ ತುದಿಯಲ್ಲಿ ಮಕ್ತುಮಸಾಬನಿದ್ದ. ಮದುವೆಗಳಿಗೆ ಲೌಡ್‌ಸ್ಪೀಕರ್ ಬಾಡಿಗೆ ಕೊಡುವವನು. ಅವನಿಗೆ ತೋರಿಸಿದ್ದರೆ ಒಂದೇ ನೋಟಕ್ಕೆ ಹೇಳಿಬಿಡುತ್ತಿದ್ದ. ಆ ಹೆದರಿಕೆಯಿಂದಲೇ ನಾನು ಅವನಿಗೆ ತೋರಿಸಲಿಲ್ಲ.

ಏಕೀಕರಣಕ್ಕೆ ಮೂರು ದಿನ ಉಳಿದಾಗ ನನ್ನ ಹೆಂಡತಿ ನೀಲವ್ವ ಕಸ ಗುಡಿಸಲು ಬಂದವಳು ತಟ್ಟೆಯ ಮೇಲೆ ಬಗ್ಗಿ ಮೂಸಿ ನೋಡಿದಳು.

"ಇದಕ್ಕ ಪೂಜಿ ಮಾಡ್ಯಾರಲ್ರಿ?"

"ಏನು?"

"ಇದು ಕುಂಕಮಾ ಐತ್ರಿ. ಎಣ್ಣ್ಯಾಗ ಕಲಸಿ ಹಚ್ಚ್ಯಾರ. ನಮ್ಮಪ್ಪಂದು ಪ್ರತಿ ನವಮಿಗೂ ಹಿಂಗs. ತಕ್ಕಡಿಗೆ ಒಂದು ಹಚ್ಚಿದ್ರ ಸಾಕಾಗೂದಿಲ್ಲ, ಗೊಂಚಲದಾಗಿನ ಒಂದೊಂದು ಕೀಲಿಗೂ ಹಚ್ಚತಾನ. ನೋಡ್ರಿ, ಇಲ್ಲಿ ಅಕ್ಕಿಕಾಳೂ ಸಿಕ್ಕಾವ."

ಸೆರಗಿನ ತುದಿಯಿಂದ ಒರೆಸಿದಳು. ಕೆಂಪು ಹೋಗಿ ಕೆಳಗಿನಿಂದ ಹಳದಿ ಚುಕ್ಕೆ ಬಂತು. ಇನ್ನೊಂದಕ್ಕೆ ಕಿತ್ತಳೆ, ಮತ್ತೊಂದಕ್ಕೆ ಹಸಿರು. ಮೂಲ ಚುಕ್ಕೆಯನ್ನು ಕುಂಕುಮಕ್ಕೆಂದೇ ಬಿಟ್ಟ ಜಾಗ ಎಂದುಕೊಂಡು ಮಾವ ಸರಿಯಾಗಿ ಅದರ ಮೇಲೆಯೇ ಹಚ್ಚಿದ್ದರು!

"ಮತ್ತs ಇನ್ನೊಂದು ಮಾತ್ರಿ," ಎಂದಳು. "ಚಹಾದಂಗಡಿ ರೇಡಿಯೋದಾಗ ಮುಳ್ಳು ಅತ್ತಾಗ ಇತ್ತಾಗ ಓಡತೈತಿ. ಇದಕ್ಕ ಸ್ಟೇಶನ್ ತಿರುವೂದು ಎಲ್ಲೈತಿ?"

ಐದನೆಯ ಪಾಠವನ್ನು ಆ ಹೊತ್ತು ಮೊದಲ ಬಾರಿಗೆ ಬಿಚ್ಚಿದೆ. ಸ್ಟೇಶನ್ ಹಿಡಿಯಲು ಬೇಕಾದ, ರೆಕ್ಕೆರೆಕ್ಕೆಯಾಗಿ ತಿರುಗುವ ಕಂಡೆನ್ಸರ್ ಅದರಲ್ಲಿತ್ತು. ನಮ್ಮ ತಟ್ಟೆಯಲ್ಲಿ ಇರಲಿಲ್ಲ. ಅದಿಲ್ಲದೆ ರೇಡಿಯೋ ಇಲ್ಲ. ಎಂಟನೆಯ ಪಾಠದ ನಕ್ಷೆಗೆ ಮಾತ್ರ ಎಲ್ಲವೂ ಹೊಂದಿತು: ಇದು ಆಂಪ್ಲಿಫೈಯರ್. ಕೇಳುವ ಯಂತ್ರವಲ್ಲ, ಸಣ್ಣ ದನಿಯನ್ನು ದೊಡ್ಡದು ಮಾಡಿ ಕೂಗುವ ಯಂತ್ರ. ಮರ್ಯಾದೆಯನ್ನು ನುಂಗಿಕೊಂಡು ಮಕ್ತುಮಸಾಬನ ಮನೆಗೆ ಹೋದೆ. ಅವನು ನಗಲಿಲ್ಲ, ಪುಣ್ಯಾತ್ಮ. ಮೈಕು, ಲೌಡ್‌ಸ್ಪೀಕರಿನ ಕಹಳೆ ತಂದು ಜೋಡಿಸಿ, "ಚಹಾದಂಗಡಿ ರೇಡಿಯೋದ ಮುಂದ ಮೈಕ್ ಇಡೂಣ್ರಿ. ಓಣಿಗೆಲ್ಲಾ ಕೇಳತೈತಿ" ಎಂದ.

ಏಕೀಕರಣದ ದಿನ ಮಾವ ಹತ್ತು ಮಂದಿಯೊಡನೆ ಬಂದು ಅಂಗಳದಲ್ಲಿ ಕುಳಿತರು. ನಾನು ಗಂಟಲು ಸರಿಪಡಿಸಿಕೊಂಡು ಒಳಗಿನಿಂದ ಮೈಕಿನಲ್ಲಿ, "ಮಾವಾರ, ಇದು ರೇಡಿಯೋ ಅಲ್ರಿ, ಆಂಪ್ಲಿಫೈಯರ್. ಬಿಡಿಭಾಗ ನೋಡಿ, ಬಣ್ಣದ ಲೆಕ್ಕಾ ಹಾಕಿ ಕಂಡುಹಿಡಿದೆ" ಎಂದೆ. ಹೊರಗೆ ಮೆಚ್ಚುಗೆಯ ಗುಜುಗುಜು. ಪಕ್ಕದಲ್ಲಿದ್ದ ನೀಲವ್ವ ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ ಅಂದಳು: "ಅಪ್ಪ ಹಚ್ಚಿದ ಕುಂಕಮಾ ಓದಿ ವಿಲಾಯತಿಗೆ ಮುಟ್ಟಿದ್ದು ಯಾಕ ಹೇಳಲಿಲ್ರಿ?"

ಯಂತ್ರ ತನ್ನ ಕೆಲಸ ಚೊಕ್ಕಟವಾಗಿ ಮಾಡಿತು. ಆ ಪಿಸುಮಾತು ಇಡೀ ಓಣಿಯ ಮೇಲೆ ಹಾದುಹೋಯಿತು. ಬೀಗರು ನಕ್ಕರು, ಮಕ್ತುಮಸಾಬ ಈಗ ನಕ್ಕ. ಮಾವ ನನ್ನನ್ನು ಕರೆದು ಪೂರ್ತಿ ಕಥೆ ಕೇಳಿದರು. ಕಪ್ಪು ಸೊನ್ನೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಆಮೇಲೆ ಮೈಕು ಚಹಾದಂಗಡಿಗೆ ಹೋಯಿತು. ನಾಡು ಒಂದಾದ ಸುದ್ದಿ ನಮ್ಮ ಕಹಳೆಯಿಂದ ಬಂದಾಗ ಮಾವ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು. "ರೇಡಿಯೋ ಆಗಿದ್ರ ನಾವಷ್ಟs ಕೇಳತಿದ್ವಿ. ಇದs ಛಲೋ ಆತು" ಎಂದರು. ನನಗೂ ಕಣ್ಣು ತುಂಬಿ ಬಂತು, ಅರ್ಧ ನಾಡಿಗಾಗಿ, ಅರ್ಧ ನನಗಾಗಿ.

ಮರುವರ್ಷ ನವಮಿಗೆ ಲಕ್ಷ್ಮೇಶ್ವರಕ್ಕೆ ಹೋದೆವು. ಮಾವ ಕುಂಕುಮದ ಬಟ್ಟಲು ಹಿಡಿದು ತಕ್ಕಡಿ, ತೂಕದ ಕಲ್ಲು, ಒಂದೊಂದೇ ಕೀಲಿ, ಎಲ್ಲ ಮುಗಿಸಿ ನನ್ನ ಮುಂದೆ ಬಂದು ನಿಂತರು. ಹಣೆಯ ನಡುವೆ ಒಂದು ಬೊಟ್ಟು ಇಟ್ಟು, "ಈಗ ಲೆಕ್ಕಾ ಮಾಡ್ರಿ ಅಳಿಯಂದ್ರ, ಎಷ್ಟ ಬಂತು?" ಎಂದರು.

ಮಾಡಿದೆ. ಮೈಮೇಲೆ ಅವರೇ ಹೊಲಿಸಿಕೊಟ್ಟ ಕರಿ ಕೋಟು, ತಲೆಯ ಮೇಲೆ ಕರಿ ಟೋಪಿ, ನಡುವೆ ಕೆಂಪು ಚುಕ್ಕೆ. ಕೋಟಿನದೊಂದು, ಟೋಪಿಯದೊಂದು, ಚುಕ್ಕೆಯವು ಎರಡು, ಒಟ್ಟು ನಾಲ್ಕು ಸೊನ್ನೆ. ಈ ಸಲ ಮಾತ್ರ ನನ್ನ ಲೆಕ್ಕ ತಪ್ಪಲಿಲ್ಲ.